ಕೇಸರಿ ಗೆಡ್ಡೆಗೆ ಇಲಿ ಕಾಟ: ಬಲೆಯ ಕಣ್ಣು ಅಳೆದು ಕೊಳ್ಳಿ

ಮಾನ್ಯ ಸಂಪಾದಕರೆ,

ಕೋಣೆಯೊಳಗೆ ಕೇಸರಿ ಬೆಳೆಯಲು ಹೊರಡುವವರು ಎಸಿಯ ಖರ್ಚು ಲೆಕ್ಕ ಹಾಕುತ್ತಾರೆ, ಇಲಿಯನ್ನು ಮರೆಯುತ್ತಾರೆ. ಕಾಶ್ಮೀರದ ಪಾಂಪೋರಿನಲ್ಲಿ ಅಕ್ಟೋಬರ್–ನವೆಂಬರಿನಲ್ಲಿ ಅರಳುವ ಈ ಹೂವಿಗೆ ಬೇಸಗೆಯಲ್ಲಿ 23ರಿಂದ 27 ಡಿಗ್ರಿ, ಮೊಗ್ಗು ಹೊರಬರಲು 15ರಿಂದ 17 ಡಿಗ್ರಿ ಬೇಕು. ಕಾಸರಗೋಡಿನ ಸೆಕೆಯಲ್ಲಿ ಹೊರಗೆ ಅದು ಆಗುವ ಮಾತಲ್ಲ. 8 ಗ್ರಾಂಗಿಂತ ಹಗುರವಾದ ಗೆಡ್ಡೆ ಹೂ ಬಿಡುವುದೂ ಅಪರೂಪ.

ಹೂ ಬಿಡಿಸಿದ ಮೇಲೆ ಗೆಡ್ಡೆಯನ್ನು ತೊಟ್ಟಿಯ ಮಣ್ಣಿಗೆ ಇಳಿಸಬೇಕು. ಮರಿಗೆಡ್ಡೆ ಬಲಿಯುವುದು ಅಲ್ಲೇ. ಇಲಿ ಬರುವುದೂ ಆಗಲೇ. ಒಳಗಿನ ಬಿಳಿ ತಿರುಳನ್ನು ತಿಂದು, ಅಡಿಕೆ ಸಿಪ್ಪೆಯಂಥ ಕಂದು ನಾರನ್ನಷ್ಟೇ ಬಿಟ್ಟು ಹೋಗುತ್ತದೆ. ಕೋಳಿಗೂಡಿನ ಬಲೆ ಸಾಲದು, ಅದರ ಕಣ್ಣಿನಲ್ಲಿ ಸಣ್ಣ ಇಲಿ ಸಲೀಸಾಗಿ ನುಗ್ಗುತ್ತದೆ. ತುಕ್ಕು ಹಿಡಿಯದಂತೆ ಸತು ಲೇಪಿಸಿದ, ಕಾಲಿಂಚು ಕಣ್ಣಿನ ಕಬ್ಬಿಣದ ಬಲೆಯನ್ನೇ ತೊಟ್ಟಿಯ ತಳಕ್ಕೂ ಬದಿಗಳಿಗೂ ಹಾಸಿ. ಗೆಡ್ಡೆ 10ರಿಂದ 15 ಸೆಂ.ಮೀ. ಆಳದಲ್ಲಿರಲಿ. ಮೇಲೆಯೂ ಅದೇ ಬಲೆ ಮುಚ್ಚಿ, ಅಂಚನ್ನು ತಂತಿಯಿಂದ ಬಿಗಿಯಿರಿ. ಮೂಲೆಯಲ್ಲಿ ಒಂದು ಬೆರಳು ತೂರುವಷ್ಟು ಸಂದು ಬಿಟ್ಟರೂ ಉಳಿದ ಕೆಲಸವೆಲ್ಲ ವ್ಯರ್ಥ.

ಉದುರಿದ ನಾರಿನ ಚೂರುಗಳನ್ನು ಮಣ್ಣಿನ ಮೇಲೆ ಬಿಡಬೇಡಿ, ವಾಸನೆ ಹಿಡಿದು ಇಲಿ ಅಗೆಯುತ್ತದೆ. ನೆಲಗಡಲೆ ಹಿಂಡಿಯನ್ನಂತೂ ಗೊಬ್ಬರವಾಗಿ ಹಾಕಲೇಬೇಡಿ. ಕಚ್ಚಿದ ಗೆಡ್ಡೆಯನ್ನು ಎತ್ತಿ ಬಿಸಾಡಿ. ಗಾಯದಿಂದ ಕೊಳೆ ಹತ್ತಿ ಪಕ್ಕದ್ದಕ್ಕೂ ಹರಡುತ್ತದೆ. ಇಲಿಪಾಷಾಣ ಬೇಡವೇ ಬೇಡ: ಕೇಸರಿಯೆಂದರೆ ಸುಮಾರು 150 ಹೂಗಳ ಕೆಂಪು ಎಳೆಗಳು ಒಣಗಿ ಒಂದು ಗ್ರಾಂ ಆಗುವ ಪದಾರ್ಥ, ಜನ ಅದನ್ನು ಮಕ್ಕಳ ಹಾಲಿಗೆ ಹಾಕುತ್ತಾರೆ.

– ಓದುಗರು, ಬದಿಯಡ್ಕ, ಕಾಸರಗೋಡು