ಯಾವ ದೇಶಕ್ಕೆ ಚೆಲ್ಲೋದು?

ರಾತ್ರಿ ಹನ್ನೊಂದೂಕಾಲು. ಪುಟ ಕಟ್ಟುವ ಗೆಳೆಯರಿಂದ "ಸಂಪಾದಕೀಯ ಒಂದೇ ಬಾಕಿ" ಅಂತ ಮೂರನೇ ಮೆಸೇಜು ಬಂದಿದೆ. ಮೊದಲೆರಡಕ್ಕೆ ಹೆಬ್ಬೆಟ್ಟಿನ ಚಿತ್ರ ಕಳಿಸಿ ಸುಮ್ಮನಾಗಿದ್ದೆ. ಹೆಬ್ಬೆಟ್ಟು ಒತ್ತಿದ ಮೇಲೆ ಬರೆದು ಕೊಡಲೇಬೇಕಲ್ಲ. ಮಕ್ಕಳು ಮಲಗಿದ್ದಾರೆ, ವಾಷಿಂಗ್ ಮಷಿನ್ ತಿರುಗುತ್ತಿದೆ. ಹತ್ತರ ಮೇಲೆ ಸದ್ದು ಮಾಡಬಾರದು ಅನ್ನೋ ನಿಯಮ ಗೊತ್ತಿದೆ, ಕೆಳಮನೆಯವರು ರಜೆಗೆ ಹೋಗಿದ್ದಾರೆ ಅನ್ನೋದೂ ಗೊತ್ತಿದೆ.

ಜರ್ಮನಿಯ ನಮ್ಮ ಕನ್ನಡ ಸಂಘದ ಪತ್ರಿಕೆಯ ಹೊಸ ವರ್ಷದ ಸಂಚಿಕೆ, ಸಂಘದ ಕಳೆದ ವರ್ಷದ ಕೆಲಸಗಳ ಬಗ್ಗೆ ಬರೆಯಬೇಕಿತ್ತು. ಅದು ಎಂಟನೇ ಪುಟದ ವರದಿಯಲ್ಲಿ ಹೇಗೂ ಇದೆ. ನಾನು ಒಂದು ರೊಟ್ಟಿ ಡಬ್ಬಿಯ ಕಥೆ ಹೇಳುತ್ತೇನೆ.

ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಯುರೋಪು ತಿರುಗುವವರಿಗೆ ಹೊಸದಾಗಿ ಹೇಳೋದೇನಿಲ್ಲ. ನಾವು ನೋಡುವ ಊರು ಬೇರೆ, ಅವರು ನೋಡುವ ಊರು ಬೇರೆ. ಕೋಲ್ನ್ ಕೆಥೆಡ್ರಲ್‌ಗೆ 1248ರಲ್ಲಿ ಅಡಿಗಲ್ಲು ಹಾಕಿ 1880ರಲ್ಲಿ ಕಟ್ಟಿ ಮುಗಿಸಿದರು ಅಂತ ನಾನು ಭಯಭಕ್ತಿಯಿಂದ ವಿವರಿಸುತ್ತಿದ್ದರೆ, ಏಳು ವರ್ಷದ ಮಗ "ಮತ್ತೆ ಅಷ್ಟು ದಿನ ಏನ್ ಮಾಡ್ತಿದ್ರು?" ಅಂದ. ಗೋಪುರದ 533 ಮೆಟ್ಟಿಲಲ್ಲಿ ಅರ್ಧದಷ್ಟನ್ನು ನಾಲ್ಕು ವರ್ಷದ ಮಗಳು ನನ್ನ ಹೆಗಲ ಮೇಲೆ ಕೂತು ಹತ್ತಿದಳು. ಮೇಲೆ ಹೋಗಿ ರೈನ್ ನದಿ ತೋರಿಸಿದರೆ "ಸೂಸೂ" ಅಂದಳು. ಪ್ಯಾರಿಸ್ ಅಂದರೆ ಇವರಿಗೆ ಪಾರಿವಾಳ, ಬೆಲ್ಜಿಯಂನ ಬ್ರೂಗೆ ಅಂದರೆ ಜ್ಯಾಕೆಟ್ಟಿಗೆ ಮೆತ್ತಿದ ಚಾಕಲೇಟು. ನಮ್ಮ ಫೋಟೊಗಳಲ್ಲೆಲ್ಲ ಹಿಂದೆ ಒಂದು ಜಗತ್ಪ್ರಸಿದ್ಧ ಕಟ್ಟಡ, ಮುಂದೆ ಅಳುವ ಒಂದು ಮಗು.

ಈ ಸಲ ದೂರ ಬೇಡ ಅಂತ ಜರ್ಮನಿಯ ಪಶ್ಚಿಮ ಗಡಿಯ ಆಖೆನ್‌ನ ಗೆಳೆಯರ ಮನೆಗೆ ಎರಡು ದಿನಕ್ಕೆ ಹೋದೆವು. 2024ರ ಡಿಸೆಂಬರ್ 30ರ ಬೆಳಿಗ್ಗೆ, ಸೋಮವಾರ, ಎಂಟೂವರೆಗೆ ಅವ್ವನ ವಿಡಿಯೋ ಕಾಲ್. ಅಲ್ಲಿ ಮಧ್ಯಾಹ್ನ ಒಂದು ಗಂಟೆ, ಎಲ್ಲರೂ ಹೊಲದಲ್ಲಿ. ಫೋನು ಕೈಯಿಂದ ಕೈಗೆ ಹೋಗಿ, ಕಾಳು ಸೊಪ್ಪು ಬೇಯಿಸಿದ ಭಜ್ಜಿಯ ಗಡಿಗೆಯೊಳಗೆ ಇಣುಕಿ, ಜೋಳದ ತೆನೆ ತೋರಿಸಿ, ಯಾರದೋ ಮೂಗಿನ ಹೊಳ್ಳೆ ತೋರಿಸಿ, ಮತ್ತೆ ಅವ್ವನ ಮುಖಕ್ಕೆ ಬಂತು.

"ಚರಗ ಚೆಲ್ಲಿದ್ರೇನು?"

"ಇಲ್ಲಿ ಹೊಲ ಎಲ್ಲದ ಬೇ?"

"ಭೂಮಿ ಇಲ್ಲೇನೋ ಅಲ್ಲಿ?"

ಅಷ್ಟಕ್ಕೆ ನೆಟ್‌ವರ್ಕ್ ಹೋಯಿತು.

ಎಳ್ಳಮಾಸಿ, ಅಂದರೆ ಹೊಲದಲ್ಲಿ ಮಾಡುವ ನಮ್ಮ ಎಳ್ಳು ಅಮಾವಾಸ್ಯೆ ಹಬ್ಬ, ನನಗೆ ಮರೆತೇನೂ ಹೋಗಿರಲಿಲ್ಲ. ಹಿಂದಿನ ದಿನವೇ ಬಾಜ್ರಾ ಹಿಟ್ಟು ತಂದು, ಎಳ್ಳು ಒತ್ತಿ ಎಂಟು ಸಜ್ಜಿ ರೊಟ್ಟಿ ತಟ್ಟಿದ್ದೆ. ಎರಡು ಹರಿದವು, ಆರು ಡಬ್ಬಿಯಲ್ಲಿದ್ದವು. ಭಜ್ಜಿಗೆ ಇಂಡಿಯನ್ ಅಂಗಡಿಯ ಫ್ರೀಜರಿನ ಹಸಿ ಕಡಲೆ, ಬದನೆಕಾಯಿ, ಪಾಲಕ್. ಒಗ್ಗರಣೆಗೆ ಕುಸುಬಿ ಎಣ್ಣೆ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ಇಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲಿ ಡಿಸ್ಟೆಲ್‌ಓಲ್ ಅಂತ ಬರೆದಿರುತ್ತಾರಲ್ಲ, ಅದು ನಮ್ಮ ಕುಸುಬಿ ಎಣ್ಣೆಯೇ. ನಾನು ಮೂರು ವರ್ಷ ಅದರ ಮುಂದೆಯೇ ಓಡಾಡಿ ಸೂರ್ಯಕಾಂತಿ ಎಣ್ಣೆ ತರುತ್ತಿದ್ದೆ.

ಈ ಹಬ್ಬದ ಬಗ್ಗೆ ನನ್ನದೊಂದು ಹಳೆಯ ತಕರಾರಿದೆ. ಕಳೆದ ವರ್ಷದ ಸಭೆಯಲ್ಲಿ ಸಂಘದಿಂದ ಎಳ್ಳಮಾಸಿ ಮಾಡೋಣ ಅಂದೆ. "ಅಮಾವಾಸ್ಯೆ ದಿನ ಕಾರ್ಯಕ್ರಮವಾ?" ಅಂತ ಮೂರ್ನಾಲ್ಕು ದನಿ ಎದ್ದವು. ಅವರದೂ ತಪ್ಪಲ್ಲ. ಮೈಸೂರು ಸೀಮೆಯಲ್ಲಿ ಅವತ್ತು ಪಿತೃಗಳಿಗೆ ಎಳ್ಳುನೀರು, ಶನಿಗೆ ಎಳ್ಳೆಣ್ಣೆ ದೀಪ, ಪ್ರಯಾಣ ಬೇಡ. ನನ್ನಾಕೆಯೂ ಮೈಸೂರಿನವಳೇ, ಮದುವೆಯಾದ ಮೊದಲ ವರ್ಷ ಅಮಾವಾಸ್ಯೆ ದಿನ ಬೆಳಿಗ್ಗೆ ಬೆಳಿಗ್ಗೆ ಬಂಡಿ ಹತ್ತು ಅಂದಾಗ ಬೆಚ್ಚಿದ್ದಳು. ಕಲಬುರಗಿ, ಬೀದರ, ಯಾದಗಿರಿ ಕಡೆ ಅದು ವರ್ಷದ ದೊಡ್ಡ ಊಟ. ಊರಿಗೆ ಊರೇ ಬೀಗ ಹಾಕಿಕೊಂಡು ಹೊಲಕ್ಕೆ ಹೋಗುತ್ತದೆ.

ನಮ್ಮದು ಚಿತ್ತಾಪುರ ತಾಲೂಕಿನ ಒಂದು ಹಳ್ಳಿ, ಕಾಗಿಣಾ ನದಿಗೆ ಹತ್ತಿರ. ಮನೆಯಂಗಳಕ್ಕೆ ಶಹಾಬಾದಿ ಫರಸಿ, ಹೊಲಕ್ಕೆ ಎರೆಮಣ್ಣು. ಆ ಹೊತ್ತಿಗೆ ಬಿಳಿಜೋಳ ಆಳೆತ್ತರ ನಿಂತಿರುತ್ತಿತ್ತು, ತೊಗರಿ ಕಾಯಿ ಕಟ್ಟಿರುತ್ತಿತ್ತು, ಕಡಲೆ ಗಿಡದ ಹುಳಿ ಕಾಲಿಗೆ ಹತ್ತಿ ಉರಿಯುತ್ತಿತ್ತು. ಕುಸುಬಿ ಸಾಲಿಗೆ ಮಾತ್ರ ನಾವು ಹುಡುಗರು ಹೋಗುತ್ತಿರಲಿಲ್ಲ, ಮುಳ್ಳು. ಹಿಂದಿನ ರಾತ್ರಿಯೆಲ್ಲ ಹೆಂಗಸರು ನಿದ್ದೆಗೆಟ್ಟು ಕಡಬು ಕುದಿಸಿರುತ್ತಿದ್ದರು. ಭಜ್ಜಿಗೆ ಕೈಗೆ ಸಿಕ್ಕ ಕಾಳು, ಕೈಗೆ ಸಿಕ್ಕ ಸೊಪ್ಪು. ಜೊತೆಗೆ ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಗಡಿಗೆ ಮೊಸರು. ಜೋಳದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಬಳಿದರೆ ಅವೇ ಪಾಂಡವರು. ಪೂಜೆ ಮುಗಿದ ಮೇಲೆ, ಯಾರೊಬ್ಬರೂ ಬಾಯಿಗೆ ಇಡುವ ಮೊದಲು, ಭೂಮಿಗೆ ಎಡೆ. ಅದೇ ಚರಗ.

ಒಬ್ಬರು ಬುಟ್ಟಿ ಹಿಡಿದು ಹೊಲದ ಸುತ್ತ ಅನ್ನ ಚೆಲ್ಲುತ್ತಾ ಹೋಗಬೇಕು, ಹಿಂದೆ ಇನ್ನೊಬ್ಬರು ನೀರು ಚಿಮುಕಿಸುತ್ತಾ. ಮುಂದಿನವರು "ಹುಲ್ಲುಲ್ಲಿಗ್ಯೋ" ಅಂದರೆ ಹಿಂದಿನವರು "ಚಲಾಂಬ್ರಿಗ್ಯೋ". ಇದು ನಮ್ಮೂರ ಕೂಗು. ಊರೂರಿಗೆ ಬದಲಾಗುತ್ತದೆ, ಬೀದರದವರು ಕೂಗುವುದನ್ನು ಕೇಳಿದರೆ ಬೇರೆ ಹಬ್ಬವೇ ಅನ್ನಿಸುತ್ತದೆ. ಅರ್ಥ ಕೇಳಿದರೆ ಅಜ್ಜ "ಅರ್ಥ ತಗೊಂಡು ಏನ್ ಮಾಡ್ತಿ, ಜೋರಾಗಿ ಕೂಗು" ಅನ್ನುತ್ತಿದ್ದರು.

ನನಗೆ ಒಂಬತ್ತು ವರ್ಷವಾದಾಗ ತಂಬಿಗೆ ನನ್ನ ಕೈಗೆ ಬಂತು. ಮೊದಲ ಸಲ. ಅಜ್ಜ ಮುಂದೆ, ನಾನು ಹಿಂದೆ. ಅವರ ಬಲಗೈ ನನ್ನ ಕಣ್ಣಿನ ಮಟ್ಟಕ್ಕೇ ಇತ್ತು: ಬೆರಳ ಸಂದಿಯಲ್ಲಿ ಕಡಬಿನ ಚೂರು, ಮಣಿಕಟ್ಟಿನವರೆಗೆ ಹಸಿರು ಭಜ್ಜಿ, ಅದು ಬಿಸಿಲಿಗೆ ಒಣಗಿ ಕೂದಲಿಗೆ ಅಂಟಿಕೊಂಡಿತ್ತು. ಎಸೆಯುವಾಗ ತೋಳು ಆಡುತ್ತಿರಲಿಲ್ಲ, ಬರೀ ಮಣಿಕಟ್ಟು. ಹಾಗೇ ಮೂಡಣ ಬದುವಿಗೆ ಬಂದೆವು. ಮಗ್ಗಲ ಹೊಲದವರಿಗೂ ನಮಗೂ ಆ ಬದುವಿನ ಮೇಲೇ ಜಗಳ. ಚಿತ್ತಾಪುರ ಕೋರ್ಟಿನಲ್ಲಿ ಕೇಸು, ಮನೆಮನೆಗೆ ಮಾತು ಬಂದ್. ಅಜ್ಜ ಬದುವಿನ ಹತ್ತಿರ ನಿಂತರು. ಒಂದು ಹಿಡಿ ತೆಗೆದು ಆ ಕಡೆಗೆ, ಅವರ ಕಡಲೆ ಸಾಲಿಗೆ ಎಸೆದರು. "ಹುಲ್ಲುಲ್ಲಿಗ್ಯೋ" ಅಂದರು. ಅಲ್ಲಿಗೆ ನೀರು ಹಾಕಬೇಕೋ ಬೇಡವೋ ತಿಳಿಯದೆ ನಾನು ತಂಬಿಗೆ ಎದೆಗೆ ಒತ್ತಿಕೊಂಡು ನಿಂತುಬಿಟ್ಟೆ. ಅವರು ತಿರುಗಿಯೂ ನೋಡದೆ "ಏ, ನೀರ್ ಹಾಕಲೇ" ಅಂದರು.

ಹಾಕಿದೆ. ನಾವು ಉಣ್ಣಲು ಕೂತಾಗ ಆ ಮನೆಯ ಹುಡುಗನೊಬ್ಬ ಒಂದು ಬಟ್ಟಲು ಭಜ್ಜಿ ತಂದಿಟ್ಟು ಓಡಿಹೋದ. ನಮ್ಮ ಭಜ್ಜಿಗಿಂತ ಚೆನ್ನಾಗಿತ್ತು, ಅಜ್ಜಿಗೆ ಅದು ಸೇರಲಿಲ್ಲ. ಕೇಸಿನ ಮುಂದಿನ ತಾರೀಖು ಫೆಬ್ರವರಿಯಲ್ಲಿತ್ತು. ಇಬ್ಬರೂ ಹೋದರು, ಬೇರೆ ಬೇರೆ ಬಸ್ಸಿನಲ್ಲಿ.

ಸರಿ, ಆಖೆನ್. ಅಲ್ಲಿಂದ ಸಿಟಿ ಬಸ್ಸಿನಲ್ಲೇ ನೆದರ್‌ಲ್ಯಾಂಡ್ಸಿನ ಫಾಲ್ಸ್ ಊರಿಗೆ ಹೋಗಬಹುದು. ಊರ ಮೇಲಿನ ಗುಡ್ಡದಲ್ಲಿ ಜರ್ಮನಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮೂರೂ ಕೂಡುವ ಜಾಗವಿದೆ. ಗುಡ್ಡ ಅಂದರೆ 322 ಮೀಟರು, ಯುರೋಪಿನ ನೆದರ್‌ಲ್ಯಾಂಡ್ಸಿಗೆ ಅದೇ ಎತ್ತರದ ಜಾಗ. ಕಲಬುರಗಿ ಊರೇ ಅದಕ್ಕಿಂತ ಎತ್ತರದಲ್ಲಿದೆ, ಅದನ್ನು ನಾನು ಅಲ್ಲಿ ಯಾರಿಗೂ ಹೇಳಲಿಲ್ಲ. ಮೇಲೆ ಹೋಗುವ ರಸ್ತೆಯ ಹೆಸರು ಮಾತ್ರ "ನಾಲ್ಕು ಗಡಿ ರಸ್ತೆ". ಮೂರೇ ಇರುವಾಗ ನಾಲ್ಕು ಯಾಕೆ ಅಂದರೆ, ಹಿಂದೆ ಇಲ್ಲಿ ಇನ್ನೊಂದು ಚೂರು ಇತ್ತು, ನ್ಯೂಟ್ರಲ್ ಮೊರೆಸ್ನೆಟ್ ಅಂತ. ನೆಪೋಲಿಯನ್ ಸೋತ ಮೇಲೆ ಆಗಿನ ಜರ್ಮನ್ ರಾಜ್ಯ ಪ್ರಷ್ಯಾ, ನೆದರ್‌ಲ್ಯಾಂಡ್ಸ್ ಎರಡೂ ಈ ಜಾಗಕ್ಕೆ ಜಗ್ಗಾಡಿದವು. ಕಾರಣ ಒಂದು ಸತುವಿನ ಗಣಿ. ಬಗೆಹರಿಯದೆ 1816ರಲ್ಲಿ "ಇಬ್ಬರಿಗೂ ಸೇರಿದ್ದು" ಅಂತ ಮೂರೂವರೆ ಚದರ ಕಿಲೋಮೀಟರಿಗೆ ಗೆರೆ ಎಳೆದರು. ಅದು ಬೆಲ್ಜಿಯಂಗೆ ಸೇರಿದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ. ಚಿತ್ತಾಪುರ ಕೋರ್ಟು ಎಷ್ಟೋ ವಾಸಿ. ಸತು ಅಂದಾಗ ನೆನಪಾಯಿತು: ನಮ್ಮ ಶೋಕೇಸಿನಲ್ಲಿರುವ ಬಿದರಿ ಹೂಜಿಯೂ ಮುಕ್ಕಾಲುಪಾಲಿಗಿಂತ ಹೆಚ್ಚು ಸತುವೇ, ಸ್ವಲ್ಪ ತಾಮ್ರ ಬೆರೆಸುತ್ತಾರೆ, ಬೀದರ ಕೋಟೆಯ ಮಣ್ಣಿನಿಂದ ಕಪ್ಪು ಹಿಡಿಸುತ್ತಾರೆ. ಇದನ್ನು ಮಗನಿಗೆ ಹೇಳಹೋದೆ. ಅವನು ಆಗಲೇ ಗಡಿಕಲ್ಲಿನ ಸುತ್ತ "ಬೆಲ್ಜಿಯಂ, ಹಾಲೆಂಡ್, ಡಾಯ್ಚ್‌ಲ್ಯಾಂಡ್" ಅಂತ ಕುಂಟಾಬಿಲ್ಲೆ ಆಡುತ್ತಿದ್ದ.

ಬೆಂಚಿನ ಮೇಲೆ ಡಬ್ಬಿ ತೆಗೆದೆವು. ಚಳಿಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಚಿಕ್ಕವಳು ರೊಟ್ಟಿ ಕಚ್ಚುವಷ್ಟರಲ್ಲಿ ನನಗೇನಾಯಿತೋ, "ತಡಿ, ಮೊದಲು ಭೂಮಿಗೆ" ಅಂದೆ. ರೊಟ್ಟಿ ಮುರಿದು ಭಜ್ಜಿಯಲ್ಲಿ ಕಲಸಿದೆ. ಮಗನ ಕೈಗೆ ನೀರಿನ ಬಾಟಲಿ ಕೊಟ್ಟು ಕೂಗುವುದನ್ನು ಹೇಳಿಕೊಟ್ಟೆ. ಅವನು ಗಡಿಕಲ್ಲು ನೋಡಿದ, ನನ್ನನ್ನು ನೋಡಿದ.

"ಅಪ್ಪಾ, ಯಾವ ದೇಶಕ್ಕೆ ಚೆಲ್ಲೋದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನಾಕೆ, ಅಮಾವಾಸ್ಯೆ ದಿನ ಪ್ರಯಾಣ ಮಾಡದ ಮನೆಯವಳು, "ಬೇಗ ಚೆಲ್ರೀ, ಮೂರಕ್ಕೂ ಚೆಲ್ಲಿ, ಮಗು ಹಸಿದಿದೆ" ಅಂದಳು.

ಕೂಗಿದೆವು. ಮಗನ "ಚಲಾಂಬ್ರಿಗ್ಯೋ" ಜರ್ಮನ್ ಪದದ ಹಾಗೆ ಕೇಳಿಸಿತು. ಅಷ್ಟರಲ್ಲಿ ಬೆಲ್ಜಿಯಂ ಕಡೆಯಿಂದ ಒಂದು ದೊಡ್ಡ ನಾಯಿ ಬಂದು ಜರ್ಮನಿಯ ಪಾಲನ್ನು ತಿಂದಿತು. ಹಿಂದೆಯೇ ಅದರ ಯಜಮಾನರು, ಎಪ್ಪತ್ತು ದಾಟಿದವರು, ಏನಿದು ಅಂತ ಕೇಳಿದರು. ನನ್ನಾಕೆ ತನ್ನ ಎ2 (ಆರಂಭದ ಹಂತದ) ಪರೀಕ್ಷೆಯ ಜರ್ಮನ್‌ನಲ್ಲಿ "ಭೂಮಿಗೆ ಊಟ" ಅಂದಳು. ಅವರು ನೆಲ ನೋಡಿದರು, ನಾಯಿ ನೋಡಿದರು, ಟೋಪಿ ಸ್ವಲ್ಪ ಎತ್ತಿ ನೆಲಕ್ಕೆ "ಗುಟೆನ್ ಆಪೆಟಿಟ್" (ಚೆನ್ನಾಗಿ ಊಟವಾಗಲಿ) ಅಂದು ಹೊರಟುಹೋದರು.

ವಾಪಸು ಬಸ್ಸಿನಲ್ಲಿ ಗೊತ್ತಾಯಿತು, ಚಿಕ್ಕವಳ ಪಾಸ್‌ಪೋರ್ಟೂ ರೆಸಿಡೆನ್ಸ್ ಕಾರ್ಡೂ ಮನೆಯ ಡ್ರಾಯರಿನಲ್ಲೇ ಇವೆ. ಯಾರೂ ಕೇಳಲಿಲ್ಲ, ನಮ್ಮ ಪುಣ್ಯ. ನೀವು ಹಾಗೆ ಮಾಡಬೇಡಿ. ಸೆಪ್ಟೆಂಬರ್ 2024ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಇಟ್ಟಿದೆ, ಅರ್ಧ ಗಂಟೆಯ ಪ್ರವಾಸಕ್ಕೂ ಮಕ್ಕಳ ಕಾಗದ ಜೊತೆಗಿರಲಿ.

ಇನ್ನು ಪ್ರಕಟಣೆಗಳು, ಜಾಗ ಕಡಿಮೆ ಇದೆ, ಬೇಗ ಓದಿಕೊಳ್ಳಿ. ಸಂಕ್ರಾಂತಿ ಕೂಟ ಹಬ್ಬದ ನಂತರದ ಶನಿವಾರ, ಮಧ್ಯಾಹ್ನ ಎರಡಕ್ಕೆ, ಎಂದಿನ ಸಭಾಂಗಣದಲ್ಲೇ. ಎಳ್ಳುಬೆಲ್ಲ ಪ್ರತಿ ಮನೆಯಿಂದ ಅರ್ಧ ಕಿಲೋ. ಕಳೆದ ಸಲ ಎಲ್ಲರೂ ಕೊಬ್ಬರಿ ಮರೆತಿದ್ದಿರಿ. ಕಬ್ಬು ತರುವ ದಾರಿ ಗೊತ್ತಿದ್ದವರು ದಯವಿಟ್ಟು ಮುಂದೆ ಬನ್ನಿ. ತಟ್ಟೆ ಲೋಟ ನಿಮ್ಮದೇ. ಸಭಾಂಗಣವನ್ನು ಆರೂವರೆಗೆ ಒರೆಸಿ ಕೊಡಬೇಕು, ಊಟವಾದ ಕೂಡಲೇ ಎಲ್ಲರಿಗೂ ಬೇರೆ ಕೆಲಸ ಬರುವುದನ್ನು ಸಮಿತಿ ಗಮನಿಸಿದೆ. ಸದಸ್ಯತ್ವದ ವಾರ್ಷಿಕ ಹಣ ಜನವರಿ ಕೊನೆಯೊಳಗೆ. ಮಕ್ಕಳ ಕನ್ನಡ ತರಗತಿ ಭಾನುವಾರ ಹತ್ತಕ್ಕೆ ಮತ್ತೆ ಶುರು. ಕಲಿಸುತ್ತಿರುವವರು ಮಾರ್ಚಿನಲ್ಲಿ ಊರಿಗೆ ವಾಪಸಾಗುತ್ತಿದ್ದಾರೆ. ಒತ್ತಕ್ಷರ ಕಲಿಸುವ ತಾಳ್ಮೆ ಇರುವ ಒಬ್ಬರು ಬೇಕು. ಒಬ್ಬರೇ ಸಾಕು.

ಸಂಪಾದಕನೂ ಬೇಕು. ನಾಲ್ಕು ವರ್ಷದಿಂದ ನಾನೇ ಬರೆದು, ನಾನೇ ಅಚ್ಚುತಪ್ಪು ತಿದ್ದಿ, ನಾನೇ ಹೊಸ ತಪ್ಪು ಸೇರಿಸುತ್ತಿದ್ದೇನೆ. ತಮಾಷೆಗೆ ಹೇಳುತ್ತಿಲ್ಲ. ಯುಗಾದಿ ಸಂಚಿಕೆಗೆ ಯಾರಾದರೂ ಜೊತೆಗೆ ಕೂತರೆ ಕಲಿಸಿಕೊಡುತ್ತೇನೆ, ಇಲ್ಲದಿದ್ದರೆ ಅದು ಬರುತ್ತದೆಂದು ಮಾತು ಕೊಡಲಾರೆ.

ಕಡೆಯದು ನನ್ನ ಸ್ವಂತ ಕೋರಿಕೆ. ಬರುವ ಡಿಸೆಂಬರಿನಲ್ಲಿ (2025) ಎಳ್ಳಮಾಸಿ ಶುಕ್ರವಾರ ಬರುತ್ತದೆ, ಮರುದಿನ ಶನಿವಾರ ಸೇರೋಣ, ಅಮಾವಾಸ್ಯೆಯ ಆಕ್ಷೇಪವೂ ಇರುವುದಿಲ್ಲ. ಆದರೆ ಸಭಾಂಗಣದ ವಿನೈಲ್ ನೆಲದ ಮೇಲೆ ಚರಗ ಚೆಲ್ಲಲಾಗದು, ಒರೆಸುವವರೂ ನಾವೇ. ನಿಮ್ಮಲ್ಲಿ ಯಾರಿಗಾದರೂ ಊರಾಚೆ ಬಾಡಿಗೆಯ ತೋಟದ ತುಂಡು, ಅಂದರೆ ಶ್ರೇಬರ್‌ಗಾರ್ಟನ್ ಇದೆಯಾ? ವರ್ಷಗಟ್ಟಲೆ ಸರದಿಯಲ್ಲಿ ಕಾದು ಪಡೆದಿರುತ್ತೀರಿ, ಮೂರನೇ ಒಂದು ಪಾಲಿನಲ್ಲಿ ಹಣ್ಣು ತರಕಾರಿ ಬೆಳೆಯಲೇಬೇಕೆಂಬ ನಿಯಮವೂ ನಿಮ್ಮ ತಲೆ ಮೇಲಿರುತ್ತದೆ, ಅಂದರೆ ಮಣ್ಣು ಇದ್ದೇ ಇರುತ್ತದೆ. ಒಂದು ಮಧ್ಯಾಹ್ನಕ್ಕೆ ಕೊಡಿ. ಭಜ್ಜಿ ನಾನು ತರುತ್ತೇನೆ. ಮಗ್ಗಲ ತೋಟದವರ ಜೊತೆ ನಿಮಗೆ ಜಗಳ ಇದ್ದರೆ ಮೊದಲೇ ಹೇಳಿ, ಸ್ವಲ್ಪ ಹೆಚ್ಚಿಗೆ ಮಾಡುತ್ತೇನೆ.

ಮುಖಪುಟಕ್ಕೆ ಈ ಸಲ ಯಾರೂ ಫೋಟೊ ಕಳಿಸಲಿಲ್ಲ. ಹಾಗಾಗಿ ಮಗ ಬಿಡಿಸಿದ ಚಿತ್ರ ಹಾಕಿದ್ದೇವೆ: ಮೂರು ಬಣ್ಣದ ನೆಲ, ಒಬ್ಬ ಬುಟ್ಟಿ ಹಿಡಿದವನು, ಹಿಂದೊಬ್ಬ ಬಾಟಲಿ ಹಿಡಿದವನು, ಇಬ್ಬರಿಗಿಂತ ದೊಡ್ಡದಾದ ನಾಯಿ. ಪುಟ ಕಟ್ಟುವವರೇ, ಅಳತೆಗೆ ಕೂರುತ್ತಿಲ್ಲ ಅಂತ ಬೇಕಾದರೆ ನನ್ನನ್ನು ಕತ್ತರಿಸಿ. ನಾಯಿ ಇರಬೇಕಂತೆ.