ರಿಂಗ್ ರೋಡ್ ಆಚೆಗೂ ಬಸ್ ಬಿಡಿ: ನಮ್ಮ ಆರನೇ ಮನವಿ

ಇವರಿಗೆ,
ನಗರಾಡಳಿತ ಮತ್ತು ನಗರ ಸಾರಿಗೆಯ ಮಾನ್ಯ ಅಧಿಕಾರಿಗಳು, ಮೈಸೂರು

ಇವರಿಂದ,
ಬೋಗಾದಿ ರಸ್ತೆಯಲ್ಲಿ ರಿಂಗ್ ರೋಡ್ ದಾಟಿದ ಮೇಲಿನ ಬಡಾವಣೆಗಳ ನಿವಾಸಿಗಳು

ವಿಷಯ: ನಿಲ್ಲಿಸಿದ ಬೆಳಗಿನ ಬಸ್ಸುಗಳನ್ನು ಮತ್ತೆ ಬಿಡುವುದು, ರಿಂಗ್ ರೋಡಿನಲ್ಲಿ ಸಿಟಿ ಬಸ್ ಓಡಿಸುವುದು ಮತ್ತು ನಮ್ಮಿಂದ ವಸೂಲಾದ ಸಾರಿಗೆ ಕರದ ಲೆಕ್ಕ ಕೊಡುವುದರ ಬಗ್ಗೆ.

ಉಲ್ಲೇಖ: ಹಿಂದೆ ಕೊಟ್ಟ ಐದು ಮನವಿಗಳು. ನಿಮ್ಮ ಕಡತದಲ್ಲಿ ಸಿಗದಿದ್ದರೆ ಸೀಲು ಬಿದ್ದ ಪ್ರತಿಗಳು ನಮ್ಮ ಹತ್ತಿರ ಇವೆ, ಜೆರಾಕ್ಸ್ ಮಾಡಿಸಿ ಕೊಡುತ್ತೇವೆ.

ಮಾನ್ಯರೇ,

ನಮಸ್ಕಾರ. ನೇರ ವಿಷಯಕ್ಕೆ ಬರುತ್ತೇವೆ.

ನಮ್ಮ ಬಸ್ ಸ್ಟಾಪ್ ಅಂದರೆ ಒಂದು ಹೊಂಗೆ ಮರ. ಶೆಲ್ಟರ್ ಇಲ್ಲ, ಬೋರ್ಡ್ ಇಲ್ಲ. ಪಕ್ಕದ ಟೀ ಅಂಗಡಿಯವರು ತಮ್ಮ ಗೋಡೆಯ ಮೇಲೆ ನೀಲಿ ಪೇಂಟಿನಲ್ಲಿ ಬಸ್ ಟೈಮ್ ಬರೆದಿದ್ದಾರೆ: 6.40, 7.10, 7.35, 8.05, 8.40. ಮೊದಲು 7.10ರ ಮೇಲೆ ಗೀಟು ಬಿತ್ತು. ಆಮೇಲೆ 8.05. ಹೋದ ವರ್ಷ ಶಾಲೆ ಶುರುವಾದ ವಾರವೇ 7.35 ಕೂಡ ಹೋಯಿತು. ಉಳಿದಿರುವುದು ಎರಡು. ಅದರಲ್ಲೂ 8.40ರ ಬಸ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದ ದಿನ ಫುಟ್‌ಬೋರ್ಡ್ ಮೇಲೆ ಒಂದು ಕಾಲು ಇಡುವಷ್ಟು ಜಾಗ ಸಿಕ್ಕಿದರೆ ಪುಣ್ಯ.

ಮೊದಲ ಮನವಿ ಕೊಟ್ಟಾಗ "ತಾತ್ಕಾಲಿಕ, ಡ್ರೈವರ್ ಕೊರತೆ" ಅಂದರು. ಒಪ್ಪಿಕೊಂಡೆವು. ಎರಡನೆಯದಕ್ಕೆ ಉತ್ತರವೇ ಇಲ್ಲ. ಮೂರನೆಯದನ್ನು ಕೈಯಲ್ಲೇ ಕೊಡೋಣ ಅಂತ ಹನ್ನೆರಡು ಜನ ರಜೆ ಹಾಕಿ ಬಂದೆವು. ನಗರ ಸಾರಿಗೆಯ ಸಾಹೇಬರು ಮೀಟಿಂಗ್‌ನಲ್ಲಿದ್ದರು, ಊಟಕ್ಕೆ ಹೋದರು, ಮತ್ತೆ ಮೀಟಿಂಗ್‌ಗೆ ಹೋದರು. ಸಂಜೆ ನಾಲ್ಕೂವರೆಗೆ "ಇದು ನಮಗೆ ಬರಲ್ಲ, ಬಸ್ ತಿರುಗಿಸೋ ಜಾಗ ಸರಿಯಿಲ್ಲ, ಅದನ್ನ ಅವರ ಹತ್ರ ಕೇಳಿ" ಅಂದರು. ನಗರಾಡಳಿತದವರ ಹತ್ರ ಹೋದರೆ "ಬಸ್ಸು ನಮ್ಮದಲ್ಲ, ಇವರ ಹತ್ರ ಕೇಳಿ". ತಿರುಗಿಸುವ ಜಾಗ ಯಾಕೆ ಸರಿಯಿಲ್ಲ ಗೊತ್ತಾ? ಯುಜಿಡಿ (ಒಳಚರಂಡಿ) ಪೈಪ್ ಹಾಕಲು ಅಗೆದ ಮಣ್ಣನ್ನು ಅಲ್ಲೇ ಗುಡ್ಡೆ ಹಾಕಿ ಹೋಗಿದ್ದಾರೆ. ಆ ಗುಡ್ಡೆಯ ಮೇಲೆ ಈಗ ಔಡಲ ಗಿಡ ಆಳೆತ್ತರ ಬೆಳೆದಿದೆ.

ನಾಲ್ಕನೇ ಸಲ ಮಾಹಿತಿ ಹಕ್ಕಿನ ಅರ್ಜಿಯನ್ನೂ ಜೊತೆಗೆ ಹಾಕಿದೆವು. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು, ನಮ್ಮ ರೂಟಿನ ಟ್ರಿಪ್‌ಗಳನ್ನು ಯಾರು, ಯಾವಾಗ, ಯಾಕೆ ನಿಲ್ಲಿಸಿದರು ಎಂದು ಕೇಳಿದೆವು. ಕಾನೂನಿನ ಪ್ರಕಾರ 30 ದಿನದಲ್ಲಿ ಉತ್ತರ ಬರಬೇಕು. ಬಂತು, ಸುಳ್ಳು ಹೇಳಬಾರದು: "ಕೋರಿರುವ ಮಾಹಿತಿ ಈ ಕಚೇರಿಗೆ ಸಂಬಂಧಿಸಿರುವುದಿಲ್ಲ." ಐದನೆಯದನ್ನು ಚುನಾವಣೆಗೆ ಮುಂಚೆ ಕೊಟ್ಟೆವು. ಅದೊಂದು ತಿಂಗಳು 7.35ರ ಬಸ್ ಓಡಿತು. ಟೀ ಅಂಗಡಿಯವರು ಗೀಟು ಅಳಿಸಿ ಹೊಸದಾಗಿ ಬರೆದರು. ಫಲಿತಾಂಶ ಬಂದ ಮೇಲೆ ಮತ್ತೆ ಗೀಟು.

ಈಗ ದುಡ್ಡಿನ ವಿಷಯ. ಪ್ರತಿ ಸಲವೂ "ಈ ರೂಟ್ ಲಾಸ್" ಅನ್ನುತ್ತೀರಿ. ನಾವು ಆಸ್ತಿ ತೆರಿಗೆ ಕಟ್ಟುವಾಗ ಅದರ ಜೊತೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಕರ ಸೇರುತ್ತವೆ. ಕೊನೆಯಲ್ಲಿ ನಗರ ಸಾರಿಗೆ ಕರ ಅಂತ 2% ಇದೆ. ಐದು ಸಾವಿರ ತೆರಿಗೆ ಇರುವ ಮನೆಗೆ ನೂರು ರೂಪಾಯಿ. ಸಣ್ಣ ಮೊತ್ತವೇ, ಆದರೆ ಇಡೀ ಊರಿನದ್ದು ಸೇರಿದರೆ ಸಣ್ಣದಲ್ಲ. ಬಸ್ಸೇ ಬರದ ಬೀದಿಯಿಂದ ಸಾರಿಗೆ ಕರ ತಗೊಳ್ಳುತ್ತಿದ್ದೀರಲ್ಲ, ಆ ಹಣ ಎಲ್ಲಿಗೆ ಹೋಯಿತು, ಅದರಲ್ಲಿ ನಮ್ಮ ಕಡೆಗೆ ಎಷ್ಟು ಬಂತು, ವರ್ಷವಾರು ಲೆಕ್ಕ ಕೊಡಿ.

ಲಾಸ್ ಹೇಗಾಗುತ್ತದೆ ಅನ್ನುವುದನ್ನೂ ನಾವೇ ಹೇಳಬೇಕಾ? ಬೆಳಗಿನ ಬಸ್ ತೆಗೆದಿರಿ. ಕೆಲಸಕ್ಕೆ ಹೋಗುವವರು ಎಷ್ಟು ದಿನ ಕಾಯುತ್ತಾರೆ, ಸಾಲ ಮಾಡಿ ಸ್ಕೂಟರ್ ತಗೊಂಡರು. ಈಗ ಜನ ಇಲ್ಲ ಅಂತ ಮಿಕ್ಕ ಬಸ್ಸಿಗೂ ಕೈ ಹಾಕುತ್ತೀರಿ. ಸ್ಕೂಟರ್ ಓಡಿಸಲಾಗದ ಅಜ್ಜಿಯರು, ಪಿಯುಸಿ ಮಕ್ಕಳು, ಮನೆಗೆಲಸಕ್ಕೆ ಹೋಗುವ ಹೆಂಗಸರು ಮರದ ಕೆಳಗೆ ನಿಂತೇ ಇದ್ದಾರೆ. 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ ಫ್ರೀ. ಒಳ್ಳೆಯದೇ. ಆದರೆ ಬಾರದ ಬಸ್ಸಿನಲ್ಲಿ ಫ್ರೀ ಆದರೇನು, ದುಡ್ಡಾದರೇನು? ಗಂಡಸರಿಗೆ 2025ರ ಜನವರಿಯಲ್ಲಿ ದರ 15% ಏರಿತು, ಕೊಡುತ್ತಿದ್ದೇವೆ. ಕೆ.ಆರ್. ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಿಬರುವ ನಮ್ಮ ಬೀದಿಯ ಹಿರಿಯರೊಬ್ಬರಿಗೆ ಆಟೋದವರು ಇನ್ನೂರು ಕೇಳುತ್ತಾರೆ, "ವಾಪಸ್ ಖಾಲಿ ಬರ್ಬೇಕು ಸಾರ್" ಅಂತ. ಅವರದೂ ತಪ್ಪಲ್ಲ.

ಇನ್ನು ರಿಂಗ್ ರೋಡ್. ನಮ್ಮಲ್ಲಿ ಎಷ್ಟೋ ಜನಕ್ಕೆ ಕೆಲಸ ಹೂಟಗಳ್ಳಿ, ಹೆಬ್ಬಾಳ ಕಡೆಯ ಫ್ಯಾಕ್ಟರಿಗಳಲ್ಲಿ. ನಮ್ಮ ಜಂಕ್ಷನ್‌ನಿಂದ ರಿಂಗ್ ರೋಡಿನಲ್ಲಿ ನೇರ ಹೋದರೆ ಆ ಫ್ಯಾಕ್ಟರಿಗಳ ಹಾದಿಯಲ್ಲಿರುವ ಹಿನಕಲ್ ನಾಲ್ಕೈದು ಕಿಲೋಮೀಟರ್. ಬಸ್ಸಿನಲ್ಲಿ ಹೋಗಬೇಕಾದರೆ ಮಾನಸಗಂಗೋತ್ರಿ ದಾಟಿ ಸಿಟಿ ಬಸ್ ಸ್ಟ್ಯಾಂಡಿಗೆ ಹೋಗಿ, ಅರಮನೆ ನೋಡಿಕೊಂಡು, ಇನ್ನೊಂದು ಬಸ್ ಹಿಡಿದು ಹುಣಸೂರು ರಸ್ತೆಯಲ್ಲಿ ವಾಪಸ್ ಬರಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ಊರು ರಿಂಗ್ ರೋಡ್ ದಾಟಿ ಎಷ್ಟೋ ಕಾಲವಾಯಿತು. 2020ರಲ್ಲಿ ಹೂಟಗಳ್ಳಿ ನಗರಸಭೆಯಾಯಿತು, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಬೃಹತ್ ಮೈಸೂರು ಎಂಬ ಮಾತೂ ಕೇಳಿಬರುತ್ತಲೇ ಇದೆ. ರೂಟುಗಳು ಮಾತ್ರ ಇನ್ನೂ ಎಲ್ಲವೂ ಅರಮನೆ ಪಕ್ಕಕ್ಕೇ ಹೋಗಿ ನಿಲ್ಲುತ್ತವೆ.

ಕೇಂದ್ರದ ಅಳತೆಗೋಲಿನಲ್ಲಿ ಸಾವಿರ ಜನಕ್ಕೆ 0.6 ಬಸ್ ಇದ್ದರೆ ಒಳ್ಳೆಯ ಸೇವೆ. 2011ರ ಜನಗಣತಿಯಲ್ಲೇ ಮೈಸೂರು ನಗರದ ಜನಸಂಖ್ಯೆ ಒಂಬತ್ತು ಲಕ್ಷ ದಾಟಿತ್ತು. ಅಂದರೆ ಆಗಲೇ 550 ಬಸ್ ಬೇಕಿತ್ತು. ಈಗ ಎಷ್ಟು ಬೇಕು, ನೀವೇ ಲೆಕ್ಕ ಹಾಕಿ. ಹಿಂದೆ ಕೇಂದ್ರದ ನರ್ಮ್ (ನಗರ ನವೀಕರಣ) ಯೋಜನೆಯಲ್ಲಿ ಬಸ್ ಕೊಳ್ಳಲು ದುಡ್ಡು ಬಂತು, ಓಡಿಸಲು ಬರಲಿಲ್ಲ, ಅದು ನಮಗೂ ಅರ್ಥವಾಗುತ್ತದೆ. ಆದರೆ 2023ರಲ್ಲಿ ಶುರುವಾದ ಕೇಂದ್ರದ ವಿದ್ಯುತ್ ಬಸ್ ಯೋಜನೆ ಪಿಎಂ ಇ-ಬಸ್ ಸೇವಾದಲ್ಲಿ ಓಡಿಸಿದ ಕಿಲೋಮೀಟರಿಗೇ ಹಣ ಇದೆ, ದೊಡ್ಡ ಬಸ್ಸಿಗೆ 24 ರೂಪಾಯಿ. ಮಿಕ್ಕಿದ್ದನ್ನು ಇಲ್ಲಿಂದಲೇ ಹೊಂದಿಸಬೇಕು. ಮೈಸೂರಿಗೂ ಅದರಲ್ಲಿ ಬಸ್ ಇದೆ ಅಂತ ಪೇಪರಿನಲ್ಲಿ ಓದಿದ್ದೇವೆ. ಅದರಲ್ಲಿ ರಿಂಗ್ ರೋಡ್ ಆಚೆಗೆ ಎಷ್ಟು? ಈ ವರ್ಷದ ಬಜೆಟ್‌ನಲ್ಲಿ ಬಸ್ ಓಡಿಸುವುದಕ್ಕೆ ಅಂತ ಪ್ರತ್ಯೇಕ ಹಣ ಇಟ್ಟಿದ್ದೀರಾ, ಅಥವಾ ಎಲ್ಲವೂ ದಸರಾ ಲೈಟಿಂಗಿಗೇ?

2012ರಲ್ಲಿ ವಿಶ್ವಬ್ಯಾಂಕ್ ಮೂಲಕ ಬಂದ ನೆರವಿನಲ್ಲಿ ಬಸ್ಸುಗಳಿಗೆ ಜಿಪಿಎಸ್, ಸ್ಟಾಪ್‌ಗಳಿಗೆ ಡಿಸ್‌ಪ್ಲೇ ಹಾಕಿಸಿಕೊಂಡ ಊರು ಇದು. ನಮಗೆ ಡಿಸ್‌ಪ್ಲೇ ಬೇಡ, ಗೋಡೆಯೇ ಸಾಕು. ಅದರ ಮೇಲೆ ಬರೆದ ಟೈಮಿಗೆ ಬಸ್ ಬರಲಿ.

ಜೊತೆಗೆ, ಹೇಗೂ ಕಾಗದ ಖರ್ಚಾಗಿದೆ, ಇದನ್ನೂ ಬರೆದುಬಿಡುತ್ತೇವೆ. ಮರದಿಂದ ಮೂರನೇ ಕ್ರಾಸ್‌ವರೆಗೆ ಬೀದಿ ದೀಪ ಉರಿಯುತ್ತಿಲ್ಲ. 6.40ರ ಬಸ್ಸಿಗೆ ಹೋಗುವ ಹೆಣ್ಣುಮಕ್ಕಳನ್ನು ಚಳಿಗಾಲದಲ್ಲಿ ಮೊಬೈಲ್ ಟಾರ್ಚ್ ಹಿಡಿದು ಅಪ್ಪಂದಿರು ಬಿಟ್ಟು ಬರುತ್ತಾರೆ, ನಾಯಿ ಕಾಟ ಬೇರೆ. ಮ್ಯಾನ್‌ಹೋಲ್ ಮುಚ್ಚಳ ರಸ್ತೆಗಿಂತ ಅರ್ಧ ಅಡಿ ಮೇಲಿದೆ. ನೀರಿನ ಕಥೆ ಬೇರೆ ಮನವಿಯಲ್ಲಿ ಬರೆಯುತ್ತೇವೆ, ಇಲ್ಲಿ ಶುರು ಮಾಡಿದರೆ ಮುಗಿಯಲ್ಲ.

ನಿಂತ ಮೂರು ಟ್ರಿಪ್ ಮತ್ತೆ ಶುರುವಾಗಲಿ. ಮಣ್ಣಿನ ಗುಡ್ಡೆ ತೆಗೆಸಿ. ಬೆಳಗ್ಗೆ, ಸಂಜೆ ರಿಂಗ್ ರೋಡಿನಲ್ಲಿ ಬಸ್ ಬಿಡಿ. ಕರದ ಲೆಕ್ಕ ಬರವಣಿಗೆಯಲ್ಲಿ ಕೊಡಿ. "ಪರಿಶೀಲಿಸಲಾಗುವುದು" ಎಂಬ ಉತ್ತರ ದಯವಿಟ್ಟು ಬೇಡ, ಅದು ನಮ್ಮ ಹತ್ತಿರ ಈಗಾಗಲೇ ಎರಡಿದೆ.

ಇಂತಿ,
ನಿವಾಸಿಗಳು (ಸಹಿ ಹಾಳೆಗಳನ್ನು ಲಗತ್ತಿಸಿದೆ)

ಲಗತ್ತು: ಐದು ಹಳೆಯ ಮನವಿಗಳ ಪ್ರತಿ, ತೆರಿಗೆ ರಸೀದಿಗಳು, ಟೀ ಅಂಗಡಿ ಗೋಡೆಯ ಫೋಟೋ.