‘ಆಗಿನ ಕಾಲವೇ ಹಾಗಿತ್ತು’ ಅಂದರೆ ಸಾಲದು

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಹಾಲಿವುಡ್‌ನ ಹಳೆಯ ಯುದ್ಧ ಚಿತ್ರಗಳ ಬಗ್ಗೆ ಬಂದ ಲೇಖನ ಖುಷಿ ಕೊಟ್ಟಿತು. ಆದರೆ ಆ ಚಿತ್ರಗಳಲ್ಲಿ ಬರೀ ಬಿಳಿಯರೇ ತುಂಬಿರುವುದಕ್ಕೆ ಲೇಖಕರು ‘ಆಗಿನ ಕಾಲವೇ ಹಾಗಿತ್ತು’ ಎಂದು ಒಂದೇ ಮಾತಿನಲ್ಲಿ ಕೈತೊಳೆದುಕೊಂಡಿದ್ದಾರೆ. ಇದನ್ನು ಒಪ್ಪುವುದು ಕಷ್ಟ.

ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದ 1943ರಲ್ಲೇ ಬಂದ ‘ಸಹಾರಾ’ ನೋಡಿ. ಹೀರೋ ಹಂಫ್ರಿ ಬೊಗಾರ್ಟ್, ಸರಿ. ಆದರೆ ಮರಳುಗಾಡಿನಲ್ಲಿ ದಾರಿ ತೋರಿಸುವವನು ಟಂಬುಲ್ ಎಂಬ ಸುಡಾನಿ ಸೈನಿಕ. ಆ ಪಾತ್ರ ಮಾಡಿದ್ದು ಕಪ್ಪು ನಟ ರೆಕ್ಸ್ ಇಂಗ್ರಾಮ್. ಬತ್ತಿದ ಬಾವಿಗೆ ಇಳಿದು, ತೊಟ್ಟಿಕ್ಕುವ ನೀರನ್ನು ಹನಿಹನಿಯಾಗಿ ಹಿಡಿಯುವವನೂ ಅವನೇ. ಟೆಕ್ಸಾಸ್‌ನ ಸೈನಿಕನೊಬ್ಬ ಅವನ ಹತ್ತಿರ ನಾಲ್ಕು ಹೆಂಡಿರ ವಿಷಯ ತೆಗೆಯುತ್ತಾನೆ. ನನಗಿರುವುದು ಒಬ್ಬಳೇ, ಜಾಸ್ತಿಯಾದರೆ ಅವಳಿಗೆ ಹಿಡಿಸೋದಿಲ್ಲ ಎನ್ನುವ ಅರ್ಥದ ಉತ್ತರ ಟಂಬುಲ್‌ನಿಂದ ಬರುತ್ತದೆ. ಉಪದೇಶವಿಲ್ಲ, ಭಾಷಣವಿಲ್ಲ. ಇಬ್ಬರು ಸುಮ್ನೆ ಮನೆ ಮಾತು ಆಡುತ್ತಾರೆ, ಅಷ್ಟೆ. ಆಗ ಅಮೆರಿಕದ ಸೈನ್ಯದಲ್ಲಿ ಕಪ್ಪು ಸೈನಿಕರಿಗೆ ಬೇರೆಯೇ ತುಕಡಿಗಳಿದ್ದವು. ಈ ಭೇದ ಬೇಡವೆಂದು ಅಧ್ಯಕ್ಷ ಟ್ರೂಮನ್ ಆದೇಶ ಹೊರಡಿಸಿದ್ದು 1948ರಲ್ಲಿ.

1951ರ ‘ಗೋ ಫಾರ್ ಬ್ರೋಕ್’ ಚಿತ್ರದಲ್ಲಿ ಜಪಾನಿ ಮೂಲದ ಅಮೆರಿಕನ್ ಸೈನಿಕರ ಪಾತ್ರಗಳಿಗೆ ಅವರದೇ ತುಕಡಿಯಲ್ಲಿ ನಿಜವಾಗಿ ಕಾದಾಡಿದವರನ್ನೇ ಹಾಕಿಕೊಂಡರು. ಮುಖ್ಯ ಪಾತ್ರ ಮಾತ್ರ ಬಿಳಿ ಅಧಿಕಾರಿಯದ್ದೇ, ಬಿಡಿ.

ಇಷ್ಟೆಲ್ಲ ಆದಮೇಲೆ, 1957ರಲ್ಲಿ ಬಂದದ್ದು ನಿಮ್ಮ ಲೇಖಕರು ಹಾಡಿ ಹೊಗಳಿದ ‘ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್’. ಏಳು ಆಸ್ಕರ್ ಗೆದ್ದ ಚಿತ್ರ, ನನಗೂ ಇಷ್ಟ. ಆದರೆ ಯುದ್ಧದ ವೇಳೆ ಜಪಾನಿಯರು ಹಾಕಿಸಿದ ಸಯಾಂ (ಈಗಿನ ಥಾಯ್ಲೆಂಡ್)-ಬರ್ಮಾ ರೈಲು ದಾರಿಯ ಆ ಕಥೆಯಲ್ಲಿ ಕೆಲಸ ಮಾಡುವವರೆಲ್ಲ ಬ್ರಿಟಿಷ್ ಕೈದಿಗಳೇ. ನಿಜವಾದ ದಾರಿ ಹಾಕುವಾಗ ಸತ್ತ ಯುದ್ಧಕೈದಿಗಳು ಸುಮಾರು 12 ಸಾವಿರ. ಏಷ್ಯಾದ ಕೂಲಿಗಳು ಇದರ ಎಷ್ಟೋ ಪಟ್ಟು ಸತ್ತರು. 90 ಸಾವಿರದವರೆಗೂ ಅಂದಾಜಿದೆ. ಮಲಯಾದ ರಬ್ಬರ್ ತೋಟಗಳಿಂದ ಎಳೆದೊಯ್ದ ತಮಿಳರು, ಬರ್ಮಾದವರು, ಜಾವಾದವರು. ಚಿತ್ರದಲ್ಲಿ ಇವರ ಸುಳಿವೇ ಇಲ್ಲ. ಶೂಟಿಂಗ್ ನಡೆದದ್ದು ನಮ್ಮ ಪಕ್ಕದ ಸಿಲೋನಿನಲ್ಲಿ (ಈಗಿನ ಶ್ರೀಲಂಕಾ)!

ಯಾರು ಬಿಟ್ಟುಹೋಗಿದ್ದಾರೆ ಎಂಬುದು ಆಗಿನವರಿಗೆ ತಿಳಿಯುತ್ತಿರಲಿಲ್ಲವೇ? ಚೆನ್ನಾಗಿಯೇ ತಿಳಿಯುತ್ತಿತ್ತು. 1945ರಲ್ಲಿ ಹಾಲಿವುಡ್ ನಟ ಎರಾಲ್ ಫ್ಲಿನ್‌ನ ‘ಆಬ್ಜೆಕ್ಟಿವ್, ಬರ್ಮಾ!’ ನೋಡಿದ ಬ್ರಿಟಿಷ್ ಪತ್ರಿಕೆಗಳು ರೊಚ್ಚಿಗೆದ್ದವು. ಬರ್ಮಾ ಗೆದ್ದದ್ದು ಅಮೆರಿಕನ್ನರು ಅನ್ನುವ ಹಾಗಿದೆ, ನಮ್ಮವರೆಲ್ಲಿ ಎಂಬುದು ಅವರ ತಕರಾರು. ಲಂಡನ್ನಿನಲ್ಲಿ ಚಿತ್ರ ಬೇಗನೇ ಎತ್ತಂಗಡಿಯಾಯಿತು, ಮತ್ತೆ ಬಂದದ್ದು 1952ಕ್ಕೆ. ಆದರೆ ಬರ್ಮಾದಲ್ಲಿ ಕಾದಾಡಿದ ಬ್ರಿಟಿಷರ 14ನೇ ಸೇನೆಯಲ್ಲಿ ಬಹುಪಾಲು ಇದ್ದವರು ಭಾರತೀಯರು, ಜೊತೆಗೆ ಆಫ್ರಿಕಾದವರು. ಅವರ ಪರವಾಗಿ ಅಷ್ಟು ಜೋರಾಗಿ ಕೂಗಿದವರು ಯಾರು?

ನಾವೇನು ಸಾಚಾ ಅಲ್ಲ. 1964ರ ಹಿಂದಿ ಯುದ್ಧ ಚಿತ್ರ ‘ಹಕೀಕತ್’ಗಾಗಿ ನಿರ್ದೇಶಕ ಚೇತನ್ ಆನಂದ್ ಲಡಾಖ್‌ವರೆಗೆ ಹೋಗಿ ಶೂಟಿಂಗ್ ಮಾಡಿದರು, ಆದರೆ ಲಡಾಖಿ ಹುಡುಗಿಯ ಪಾತ್ರ ಮಾಡಿದ್ದು ಶಿಮ್ಲಾದ ಪ್ರಿಯಾ ರಾಜ್‌ವಂಶ್. ಲಡಾಖಿನಲ್ಲಿ ಒಬ್ಬ ಹುಡುಗಿಯೂ ಸಿಗಲಿಲ್ವಾ?

ಈ ಚಿತ್ರಗಳನ್ನು ನೋಡಬೇಡಿ ಅನ್ನುತ್ತಿಲ್ಲ. ಲೇಖನದ ಮುಂದಿನ ಭಾಗದಲ್ಲಿ ‘ಸಹಾರಾ’ಗೂ ಸ್ವಲ್ಪ ಜಾಗ ಕೊಡಿ. ‘ಕ್ವಾಯ್’ ಬಗ್ಗೆ ಮತ್ತೆ ಬರೆದರೆ, ಆ ಕೂಲಿಗಳಿಗಾಗಿ ಎರಡು ಸಾಲು ಸೇರಿಸಲು ಲೇಖಕರಿಗೆ ಹೇಳಿ.

ಇಂತಿ,
ನಿಮ್ಮ ಓದುಗ, ಮೈಸೂರು